ಮಿನ್ನೆಸೋಟದಲ್ಲಿ ಎಲೆ ಕೆಂಪಾಗುವ ಕಾಲ: ದೊಡ್ಡ ಸರೋವರದ ದಂಡೆಗೆ ಯಾವಾಗ ಹೊರಡಬೇಕು?

ಓದುಗರ ಪ್ರಶ್ನೆ: ನಾನು ದಾವಣಗೆರೆಯವನು. ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿದ್ದೇನೆ. ಮಗ, ಸೊಸೆ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದಾರೆ. ಈ ವರ್ಷ ನಾನು, ನಮ್ಮ ಮನೆಯವರು ಮೊದಲ ಸಲ ಅಲ್ಲಿಗೆ ಹೋಗುತ್ತಿದ್ದೇವೆ. ಮರಗಳ ಎಲೆ ಕೆಂಪು, ಹಳದಿ ಆಗುವ ಕಾಲದಲ್ಲಿ ಲೇಕ್ ಸುಪೀರಿಯರ್ ದಂಡೆಯ ಉದ್ದಕ್ಕೂ ಕಾರಿನಲ್ಲಿ ಹೋಗಬೇಕು ಅಂತ ಆಸೆ. 2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದಾಗ ಇಡೀ ದಿನ ಅಲ್ಲೇ ಸುತ್ತಿದ್ದೆವು. ನೀರು ಅಂದರೆ ನಮ್ಮಿಬ್ಬರಿಗೂ ಅಷ್ಟು ಇಷ್ಟ. ಆದರೆ ತಾರೀಖಿನ ವಿಷಯದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮಗನ ಸ್ನೇಹಿತರು ಸೆಪ್ಟೆಂಬರ್ ಕೊನೆ ಅಂತಾರೆ. ಒಂದು ವೀಡಿಯೊದಲ್ಲಿ ಅಕ್ಟೋಬರ್ 10 ಅಂತ ಇತ್ತು. ಹಿಮ ಬಿದ್ದ ಮೇಲೇ ಬಣ್ಣ ಬರೋದು, ಅದೂ ನಾಲ್ಕೇ ದಿನ ಅಂತ ವಾಟ್ಸಾಪ್‌ನಲ್ಲಿ ಬಂತು. ಮನೆಯವರು ದಸರಾ ಮುಗಿಸಿಕೊಂಡೇ ಹೊರಡೋಣ ಅಂತಾರೆ. ಅವರಿಗೆ ಮಂಡಿನೋವು, ಜಾಸ್ತಿ ಹತ್ತಿ ಇಳಿಯೋಕೆ ಆಗಲ್ಲ. ಷಿಕಾಗೋದಲ್ಲಿರುವ ನನ್ನ ಭಾಮೈದ ‘ಅಷ್ಟು ದೂರ ಬಂದು ಅರ್ಧ ನೋಡೋದೇನು, ಸರೋವರ ಪೂರ್ತಿ ಒಂದು ಸುತ್ತು ಹಾಕಿ’ ಅಂತಾನೆ. ನನಗೆ 62. ಇಲ್ಲಿ ದಿನಾ ಕಾರು ಓಡಿಸುತ್ತೇನೆ, ಅಲ್ಲಿ ಓಡಿಸಬಹುದಾ? ನಮ್ಮದು ಶುದ್ಧ ಸಸ್ಯಾಹಾರ. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ:

ಸರ್, ನೀವು ಕೇಳಿರುವ ಪ್ರಶ್ನೆ ಆರೇಳು ಇದ್ದರೂ ಆತಂಕ ಒಂದೇ. ಅಷ್ಟು ದೂರ ಹೋಗಿ, ಮಗನ ರಜೆ ಬಳಸಿ, ಕೊನೆಗೆ ಹಸಿರು ಮರವನ್ನೋ ಬೋಳು ಕೊಂಬೆಯನ್ನೋ ನೋಡಿಕೊಂಡು ಬರುವ ಹಾಗಾದರೆ ಏನು ಗತಿ ಅಂತ. ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರ ಪ್ರವಾಸ ಯೋಜಿಸಿ ಕೊಡುವುದು ನನ್ನ ಕೆಲಸ. ಆ ದಂಡೆಯ ರಸ್ತೆಯಲ್ಲಿ ನಾನೇ ಕಾರು ಓಡಿಸಿಕೊಂಡು ಹೋಗಿದ್ದೇನೆ. ಆಗಸ್ಟ್ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಜಾಸ್ತಿ ಕೇಳುವುದು ಇದನ್ನೇ: ‘ಪೀಕ್ ಯಾವತ್ತು ಹೇಳಿ, ಟಿಕೆಟ್ ಮಾಡಿಸ್ತೀವಿ.’

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ತಾರೀಖು ಹಿಡಿದು ಬಣ್ಣದ ಹಿಂದೆ ಓಡಬೇಡಿ. ನಿಮಗೆ ಸಿಗುವ ದಿನ ಯಾವುದು ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಆ ದಿನ ಬಣ್ಣ ಯಾವ ಎತ್ತರದಲ್ಲಿ, ಯಾವ ಮರದಲ್ಲಿ ಇರುತ್ತದೋ ಅಲ್ಲಿಗೆ ಹೋಗಿ. ಬೇರೆ ಕಡೆ ಇದು ಕಷ್ಟ. ಈ ಸರೋವರದ ಪಕ್ಕ ಸುಲಭ. ಯಾಕೆ ಅಂದರೆ ಇಲ್ಲಿ ಬಣ್ಣ ಒಂದೇ ಸಲ ಬಂದು ಹೋಗುವುದಿಲ್ಲ, ಎರಡು ಸಲ ಬರುತ್ತದೆ.

ಕಾರಣ ಸರೋವರವೇ. ಲೇಕ್ ಸುಪೀರಿಯರ್‌ನ ವಿಸ್ತೀರ್ಣ ಸುಮಾರು 82,000 ಚದರ ಕಿಲೋಮೀಟರ್. ನಮ್ಮ ಇಡೀ ಕರ್ನಾಟಕ 1.92 ಲಕ್ಷ ಚದರ ಕಿಲೋಮೀಟರ್ ಇದೆ. ಅದರಲ್ಲಿ ಐದರಲ್ಲಿ ಎರಡು ಪಾಲಿಗಿಂತ ಜಾಸ್ತಿ ನೀರೇ ತುಂಬಿದೆ ಅಂದುಕೊಳ್ಳಿ. ಅತಿ ಆಳದ ಜಾಗದಲ್ಲಿ 406 ಮೀಟರ್. ಸೂಳೆಕೆರೆ ಏರಿ ಮೇಲೆ ನಿಂತರೆ ಆಚೆ ದಡದ ಗುಡ್ಡ ಕಾಣುತ್ತದೆ ಅಲ್ವಾ? ಇಲ್ಲಿ ಆಚೆ ದಡ ಅನ್ನುವುದೇ ಕಣ್ಣಿಗೆ ಸಿಗುವುದಿಲ್ಲ. ಇಷ್ಟು ನೀರು ಬೇಸಿಗೆಯ ಬಿಸಿಯನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ, ನಿಧಾನವಾಗಿ ಬಿಡುತ್ತದೆ. ಬೆಂಕಿ ಆರಿಸಿದ ಮೇಲೂ ಮಣ್ಣಿನ ಒಲೆ ಬೆಚ್ಚಗಿರುವ ಹಾಗೆ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಳನಾಡು ತಣ್ಣಗಾದರೂ ನೀರಿನ ಪಕ್ಕದ ಪಟ್ಟಿ ಬೆಚ್ಚಗಿರುತ್ತದೆ. ಅಲ್ಲಿನ ಮರಗಳಿಗೆ ಚಳಿ ತಡವಾಗಿ ತಟ್ಟುತ್ತದೆ.

ಇದರ ಜೊತೆಗೆ ಮರದ ಜಾತಿಯೂ ಬೇರೆ. ದಂಡೆಯಿಂದ ಸ್ವಲ್ಪ ಒಳಗೆ, ಗುಡ್ಡಗಳ ಮೇಲೆ, ಮೇಪಲ್ ಮರಗಳಿವೆ. ಫೋಟೊಗಳಲ್ಲಿ ನೀವು ನೋಡುವ ಕೆಂಪು, ಕಿತ್ತಳೆ ಇವುಗಳದ್ದೇ. ಇವು ಸೆಪ್ಟೆಂಬರ್ ಕೊನೆಯ ವಾರದ ಹೊತ್ತಿಗೆ ಚೆನ್ನಾಗಿ ಬಣ್ಣಕ್ಕೆ ಬರುತ್ತವೆ. ಕೆಳಗೆ ನೀರಿನ ಪಕ್ಕ, ರಸ್ತೆಯ ಎರಡೂ ಕಡೆ ಇರುವುದು ಬಿಳಿ ತೊಗಟೆಯ ಬರ್ಚ್ ಮತ್ತು ಆಸ್ಪೆನ್. ಇವು ಅಪ್ಪಟ ಹಳದಿ. ಇವುಗಳ ಸರದಿ ಅಕ್ಟೋಬರ್ ಮೊದಲ ಮತ್ತು ಎರಡನೇ ವಾರ. ಮಗನ ಸ್ನೇಹಿತರು ಹೇಳಿದ್ದೂ ಸರಿ, ವೀಡಿಯೊದವರು ಹೇಳಿದ್ದೂ ಸರಿ. ಒಬ್ಬರು ಗುಡ್ಡದ ಮೇಲಿನದು ಹೇಳಿದರು, ಇನ್ನೊಬ್ಬರು ದಂಡೆಯದು ಹೇಳಿದರು. ಜಾಗದ ಹೆಸರು ಬಿಟ್ಟು ಬರೀ ತಾರೀಖು ಹೇಳಿದ್ದರಿಂದ ನಿಮಗೆ ಗೊಂದಲ ಆಗಿದೆ.

ಇನ್ನು ಹಿಮದ ಮಾತು. ಹಿಮ ಬಿದ್ದರೇ ಬಣ್ಣ ಬರುತ್ತದೆ ಅನ್ನುವುದು ತಪ್ಪು. ಅದನ್ನು ನಂಬಿ ಹಿಮ ಬೀಳಲಿ ಅಂತ ಕಾದವರಿಗೆ ಬಣ್ಣ ಕೈ ತಪ್ಪಿಹೋಗುತ್ತದೆ. ಮರಕ್ಕೆ ಮುಖ್ಯ ಸೂಚನೆ ಸಿಗುವುದು ಹಗಲು ಚಿಕ್ಕದಾಗುವುದರಿಂದ. ಹಗಲು ಒಂದು ಮಟ್ಟಕ್ಕಿಂತ ಕಮ್ಮಿಯಾದಾಗ ಮರ ಎಲೆಯಲ್ಲಿರುವ ಸತ್ವವನ್ನು ವಾಪಸ್ ಎಳೆದುಕೊಳ್ಳಲು ಶುರು ಮಾಡುತ್ತದೆ. ಪತ್ರಹರಿತ್ತು ಒಡೆದುಹೋಗುತ್ತದೆ. ಹಸಿರು ಹೋದ ಮೇಲೆ, ಎಲೆಯಲ್ಲಿ ಮೊದಲಿನಿಂದಲೂ ಇದ್ದ ಹಳದಿ ಕಾಣಿಸುತ್ತದೆ. ಬರ್ಚ್‌ನಲ್ಲಿ ಆಗುವುದು ಇದು. ಅದಕ್ಕೇ ಹಳದಿ ಸಾಮಾನ್ಯವಾಗಿ ಮೋಸ ಮಾಡುವುದಿಲ್ಲ.

ಕೆಂಪಿನ ಕಥೆ ಬೇರೆ. ಅದು ಮೊದಲೇ ಇರುವುದಿಲ್ಲ, ಆ ದಿನಗಳಲ್ಲಿ ಹೊಸದಾಗಿ ತಯಾರಾಗುತ್ತದೆ. ಎಲೆಯ ತೊಟ್ಟಿನ ಬುಡದಲ್ಲಿ ಒಂದು ತಡೆಪದರ ಬೆಳೆಯುತ್ತಾ ಬರುತ್ತದೆ. ಬಿಸಿಲಿಗೆ ಎಲೆಯಲ್ಲಿ ಆದ ಸಕ್ಕರೆ ಹೊರಗೆ ಹೋಗಲು ದಾರಿ ಕಮ್ಮಿಯಾಗುತ್ತದೆ. ಆ ಸಕ್ಕರೆಯಿಂದ ಆಂಥೊಸಯನಿನ್ ಅನ್ನುವ ಕೆಂಪು ಬಣ್ಣ ಆಗುತ್ತದೆ. ಹಗಲು ಒಳ್ಳೆ ಬಿಸಿಲು, ರಾತ್ರಿ ತಣ್ಣಗೆ, ಆದರೆ ಹೆಪ್ಪುಗಟ್ಟುವಷ್ಟು ಚಳಿ ಇಲ್ಲ ಅಂದರೆ ಕೆಂಪು ಚೆನ್ನಾಗಿ ಏರುತ್ತದೆ. ಹೆಪ್ಪುಗಟ್ಟುವಷ್ಟು ಜೋರು ಚಳಿ ಬಿದ್ದರೆ ಎಲೆ ಅಲ್ಲೇ ಸತ್ತು ಕಂದಾಗುತ್ತದೆ. ಬೇಸಿಗೆಯಲ್ಲಿ ಮಳೆ ಕೈಕೊಟ್ಟಿದ್ದರೆ ಎಲೆ ಬೇಗ ಒಣಗಿ ಉದುರುತ್ತದೆ. ವರ್ಷದಿಂದ ವರ್ಷಕ್ಕೆ ಕೆಂಪು ಹೆಚ್ಚು ಕಮ್ಮಿ ಆಗುವುದು ಈ ಕಾರಣಕ್ಕೆ.

ಇದನ್ನು ಇಲ್ಲೇ ನೋಡಬೇಕಾ? ನಮ್ಮೂರಿನ ರಸ್ತೆ ಬದಿಯ ಕಾಡುಬಾದಾಮಿ ಮರದ ಕೆಳಗೆ ಬಿದ್ದ ಎಲೆ ಒಂದನ್ನು ಎತ್ತಿ ನೋಡಿ. ಅಂಚೆಲ್ಲ ಕಡುಕೆಂಪು, ನರದ ಪಕ್ಕದಲ್ಲಿ ಇನ್ನೂ ಹಸಿರು ಗೆರೆ, ನಡುವೆ ಹಳದಿ. ಮಿನ್ನೆಸೋಟದ ಮೇಪಲ್‌ನಲ್ಲಿ ನಡೆಯುವುದೂ ಇದೇ, ಅಲ್ಲಿ ಗುಡ್ಡಕ್ಕೆ ಗುಡ್ಡವೇ ಒಟ್ಟಿಗೆ ಹೀಗಾಗುತ್ತದೆ. ನಮ್ಮ ಜೋಗಿಮಟ್ಟಿ ಕಾಡಿನ ಮರಗಳೂ ಎಲೆ ಉದುರಿಸುತ್ತವೆ, ಆದರೆ ಬೇಸಿಗೆ ಹತ್ತಿರ ಬಂದಾಗ, ನೀರು ಉಳಿಸಿಕೊಳ್ಳಲು. ಅಲ್ಲಿನ ಮರ ಉದುರಿಸುವುದು ಹೆಪ್ಪುಗಟ್ಟುವ ಚಳಿಗಾಲಕ್ಕೆ ಸಿದ್ಧವಾಗಲು.

‘ನಾಲ್ಕೇ ದಿನ’ ಅನ್ನುವುದರಲ್ಲಿ ಅರ್ಧ ಸತ್ಯ ಇದೆ. ಒಂದು ನಿರ್ದಿಷ್ಟ ಗುಡ್ಡದಲ್ಲಿ ಬಣ್ಣ ಏರಿ ನಿಲ್ಲುವುದು ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಅಷ್ಟರಲ್ಲಿ ಜೋರು ಗಾಳಿ ಬಂದರೆ ಒಂದೇ ರಾತ್ರಿಯಲ್ಲಿ ಮುಗಿಯಬಹುದು. ಆ ಸರೋವರದ ಮೇಲೆ ಗಾಳಿಗೆ ಬರ ಇಲ್ಲ. ಆದರೆ ಗುಡ್ಡ, ದಂಡೆ, ಒಳನಾಡು ಎಲ್ಲ ಸೇರಿಸಿಕೊಂಡರೆ ಮೂರು ವಾರ ಎಲ್ಲೋ ಒಂದು ಕಡೆ ಬಣ್ಣ ಇದ್ದೇ ಇರುತ್ತದೆ. ಸಣ್ಣ ಮಳೆಗೆ ಹೆದರಬೇಡಿ. ಮೋಡ ಕವಿದ ದಿನ ಎಲೆಯ ಬಣ್ಣ ಇನ್ನೂ ಗಾಢವಾಗಿ ಕಾಣುತ್ತದೆ, ಫೋಟೊಗೂ ಒಳ್ಳೆಯದು.

ಈಗ ನಿಮ್ಮ ಮನೆಯ ಕ್ಯಾಲೆಂಡರ್‌ಗೆ ಬರೋಣ. ಮೇಡಂ ದಸರಾ ಮುಗಿಸಿಕೊಂಡೇ ಹೊರಡೋಣ ಅನ್ನುವುದು ನನಗೆ ಅರ್ಥವಾಗುತ್ತದೆ. ಬೊಂಬೆ ಕೂರಿಸುವ ಮನೆ ಬಿಟ್ಟು ಹೋಗುವುದು ಸುಲಭವಲ್ಲ. ಆದರೆ ದಸರಾ ಅಕ್ಟೋಬರ್ ಮಧ್ಯಕ್ಕೋ ಅದರಾಚೆಗೋ ಬೀಳುವ ವರ್ಷ, ಹಬ್ಬ ಮುಗಿಸಿ, ವಿಮಾನ ಹತ್ತಿ, ಎರಡು ದಿನ ನಿದ್ದೆ ಸರಿ ಮಾಡಿಕೊಂಡು ಹೊರಡುವ ಹೊತ್ತಿಗೆ ಸುಪೀರಿಯರ್‌ನ ಮಿನ್ನೆಸೋಟ ಬದಿಯ ಉತ್ತರ ದಂಡೆಯಲ್ಲಿ ಮೇಪಲ್ ಬೋಳಾಗಿರುತ್ತದೆ, ಬರ್ಚ್ ಕೂಡ ಬಹುಪಾಲು ಉದುರಿರುತ್ತದೆ. ಟ್ಯಾಮರಾಕ್ ಅನ್ನುವ ಸೂಜಿ ಎಲೆಯ ಮರ ಮಾತ್ರ ಆಗ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಅದು ಚೆಂದವೇ. ಅದೊಂದಕ್ಕಾಗಿ ಅಷ್ಟು ದೂರ ಹೋಗಿ ಅಂತ ನಾನು ಹೇಳಲಾರೆ.

ಹಾಗಾಗಿ ನಿಮ್ಮ ಮುಂದೆ ಇರುವ ದಾರಿ ಇವು. ಸೆಪ್ಟೆಂಬರ್ 20ರೊಳಗೆ ಮಿನಿಯಾಪೊಲಿಸ್ ತಲುಪಿದರೆ, ಕೊನೆಯ ವಾರದಲ್ಲಿ ಗುಡ್ಡದ ಕೆಂಪಿಗೆ ಹೋಗಬಹುದು. ಅಕ್ಟೋಬರ್ ಮೊದಲ ವಾರ ಹೋದರೆ ಮೇಲಿನ ಕೆಂಪಿನಲ್ಲಿ ಉಳಿದದ್ದೂ ಸಿಗಬಹುದು, ಕೆಳಗಿನ ಹಳದಿಯೂ ಶುರುವಾಗಿರುತ್ತದೆ. ನನ್ನನ್ನು ಕೇಳಿದರೆ ನಿಮಗೆ ಇದೇ ಸರಿ. ಎರಡರಲ್ಲಿ ಒಂದಾದರೂ ಕೈಗೆ ಸಿಗುತ್ತದೆ.

ದಸರಾ ಬಿಡಲು ಆಗುವುದೇ ಇಲ್ಲ ಅಂದರೆ ಉತ್ತರ ದಂಡೆ ಬಿಟ್ಟು ದಕ್ಷಿಣಕ್ಕೆ ತಿರುಗಿ. ಮಿನಿಯಾಪೊಲಿಸ್‌ನಿಂದ ಆಗ್ನೇಯಕ್ಕೆ ಒಂದೂವರೆ ಗಂಟೆ ಹೋದರೆ ಲೇಕ್ ಪೆಪಿನ್ ಸಿಗುತ್ತದೆ. ಮಿಸಿಸಿಪಿ ನದಿಯೇ ಅಲ್ಲಿ ಅಗಲವಾಗಿ ಸರೋವರ ಆಗಿದೆ, ಉದ್ದ ಸುಮಾರು 35 ಕಿಲೋಮೀಟರ್. ಎರಡೂ ಕಡೆ ಎತ್ತರದ ಸುಣ್ಣಕಲ್ಲಿನ ಗುಡ್ಡಗಳು, ಅವುಗಳ ಮೇಲೆ ಕಾಡು. ಇಲ್ಲಿ ಬಣ್ಣ ಬರುವುದು ಅಕ್ಟೋಬರ್ ಮಧ್ಯಕ್ಕೆ, ಕೆಲವು ವರ್ಷ ಮೂರನೇ ವಾರದವರೆಗೂ ಇರುತ್ತದೆ. ಮಿನ್ನೆಸೋಟ ಬದಿಯಲ್ಲಿ ರೆಡ್ ವಿಂಗ್, ಲೇಕ್ ಸಿಟಿ, ವಬಾಶಾ ದಾಟಿ, ಸೇತುವೆ ಹತ್ತಿ ವಿಸ್ಕಾನ್ಸಿನ್ ಬದಿಯ 35ನೇ ಹೆದ್ದಾರಿಯಲ್ಲಿ ವಾಪಸ್ ಬಂದರೆ ಒಂದೇ ದಿನದಲ್ಲಿ ಸುತ್ತು ಮುಗಿಯುತ್ತದೆ. ವಬಾಶಾದಲ್ಲಿ ಬೋಳುತಲೆ ಹದ್ದುಗಳ ಕೇಂದ್ರ ಇದೆ, ಹದ್ದುಗಳನ್ನು ಹತ್ತಿರದಿಂದ ನೋಡಬಹುದು. ಸಮುದ್ರದಂತಹ ನೀರು ಇಲ್ಲಿ ಸಿಗುವುದಿಲ್ಲ. ಆದರೆ ಮಂಡಿನೋವು ಇರುವವರಿಗೆ, ಕಾರಿನಿಂದ ಇಳಿಯದೆ ಇಷ್ಟು ಕಾಣುವ ದಾರಿ ಅಪರೂಪ.

ನೀವು ಅಕ್ಟೋಬರ್ ಮೊದಲ ವಾರಕ್ಕೆ ಒಪ್ಪಿದಿರಿ ಅಂದುಕೊಂಡು ದಾರಿ ಹೇಳುತ್ತೇನೆ. ಮಿನಿಯಾಪೊಲಿಸ್‌ನಿಂದ ಡುಲೂತ್‌ಗೆ ಸುಮಾರು 250 ಕಿಲೋಮೀಟರ್. ದಾವಣಗೆರೆಯಿಂದ ಬೆಂಗಳೂರಿಗೆ ಹೋದಷ್ಟೇ ದೂರ, ಎರಡೂವರೆ ಗಂಟೆ ಸಾಕು. ಊರು ಹತ್ತಿರ ಬರುವಾಗ ರಸ್ತೆ ಗುಡ್ಡ ಇಳಿಯುತ್ತದೆ, ಕೆಳಗೆ ಸರೋವರ ಪೂರ್ತಿ ಹರಡಿಕೊಂಡಿರುತ್ತದೆ. ಡುಲೂತ್‌ನಲ್ಲಿ ಹಾಕ್ ರಿಡ್ಜ್ ಅನ್ನುವ ಗುಡ್ಡಕ್ಕೆ ಕಾರಿನಲ್ಲೇ ಹೋಗಬಹುದು. ಹದ್ದು, ಗಿಡುಗಗಳು ಇಷ್ಟು ದೊಡ್ಡ ನೀರಿನ ಮೇಲೆ ಹಾರಲು ಹಿಂಜರಿಯುತ್ತವೆ. ಅದಕ್ಕೇ ಉತ್ತರದಿಂದ ವಲಸೆ ಬರುವಾಗ ದಂಡೆ ಹಿಡಿದು ಈ ಗುಡ್ಡದ ಮೇಲೆ ಹಾದು ಹೋಗುತ್ತವೆ. ಸೆಪ್ಟೆಂಬರ್ ಮಧ್ಯದಲ್ಲಿ ಒಂದೇ ದಿನ ಸಾವಿರಾರು ಕಾಣುವುದುಂಟು. ಅಕ್ಟೋಬರ್‌ನಲ್ಲೂ ಬೇರೆ ಜಾತಿಯವು ಬರುತ್ತಿರುತ್ತವೆ.

ಅಲ್ಲಿಂದ ಮುಂದೆ 61ನೇ ಹೆದ್ದಾರಿ. ಡುಲೂತ್‌ನಿಂದ ಕೆನಡಾ ಗಡಿವರೆಗೆ ಸುಮಾರು 240 ಕಿಲೋಮೀಟರ್. ಟೂ ಹಾರ್ಬರ್ಸ್‌ವರೆಗೆ ನಾಲ್ಕು ಪಥದ ರಸ್ತೆ ಇದೆ, ಆದರೆ ಅದರಲ್ಲಿ ಹೋಗಬೇಡಿ. ಪಕ್ಕದಲ್ಲೇ ಹಳೇ ರಸ್ತೆ ನೀರಿಗೆ ಅಂಟಿಕೊಂಡೇ ಸಾಗುತ್ತದೆ, ಅದನ್ನು ಹಿಡಿಯಿರಿ. ಟೂ ಹಾರ್ಬರ್ಸ್ ದಾಟಿದ ಮೇಲೆ ಗೂಸ್‌ಬೆರಿ ಜಲಪಾತ. ರಸ್ತೆಯಿಂದ ಸ್ವಲ್ಪವೇ ದೂರ, ಗಾಲಿಕುರ್ಚಿಯೂ ಹೋಗುವಂಥ ಹಾದಿ ಇದೆ, ಕಾರು ನಿಲ್ಲಿಸಲು ದುಡ್ಡಿಲ್ಲ. ಇನ್ನೂ ಮುಂದೆ ಸ್ಪ್ಲಿಟ್ ರಾಕ್ ದೀಪಸ್ತಂಭ. 1905ರ ನವೆಂಬರ್ ಬಿರುಗಾಳಿಯಲ್ಲಿ ಇಲ್ಲಿ ಹಡಗುಗಳು ಒಡೆದ ಮೇಲೆ ಇದನ್ನು ಕಟ್ಟಿದರು, 1910ರಲ್ಲಿ ದೀಪ ಹಚ್ಚಿದರು. 1975ರ ನವೆಂಬರ್ 10ರಂದು ಇದೇ ಸರೋವರದಲ್ಲಿ ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಅನ್ನುವ ದೊಡ್ಡ ಸರಕು ಹಡಗು ಮುಳುಗಿ 29 ಜನರೂ ಸತ್ತರು. ಪ್ರತಿ ವರ್ಷ ಆ ದಿನ ಈ ದೀಪವನ್ನು ಅವರ ನೆನಪಿಗೆ ಹಚ್ಚುತ್ತಾರೆ. ಇದನ್ನು ಹೇಳಿದ್ದು ಕಾರಣ ಇಟ್ಟುಕೊಂಡೇ. ನೋಡಲು ಕೆರೆಯಂತೆ ಶಾಂತವಾಗಿದ್ದರೂ ಅದು ಕೆರೆಯಲ್ಲ. ನೀರು ವರ್ಷವಿಡೀ ಕೊರೆಯುತ್ತದೆ. ಅಲೆ ಬಡಿದು ಒದ್ದೆಯಾದ ಕಪ್ಪು ಬಂಡೆ ವಿಪರೀತ ಜಾರುತ್ತದೆ. ಫೋಟೊಗೆಂದು ಅದರ ಮೇಲೆ ಹೋಗಬೇಡಿ, ಮಗನಿಗೂ ಹೇಳಿ.

ಪ್ಯಾಲಿಸೇಡ್ ಹೆಡ್ ಅನ್ನುವ ಬಂಡೆಯ ತುದಿಗೂ ಕಾರು ಹೋಗುತ್ತದೆ. ನೀರಿನಿಂದ ಸುಮಾರು 90 ಮೀಟರ್ ಎತ್ತರ, ದೃಶ್ಯ ಅದ್ಭುತ. ಆದರೆ ಅಂಚಿನಲ್ಲಿ ತಡೆಬೇಲಿ ಇಲ್ಲ. ಕಾರು ನಿಲ್ಲಿಸುವ ಜಾಗದ ಹತ್ತಿರವೇ ನಿಂತು ನೋಡಿದರೆ ಸಾಕು.

ಮೇಪಲ್ ಗುಡ್ಡ ನೋಡಲು ಎಲ್ಲರೂ ಓಬರ್ಗ್ ಮೌಂಟನ್ ಅಂತಾರೆ. ಮೇಲೆ ನಿಂತರೆ ಒಂದು ಕಡೆ ಪುಟ್ಟ ಓಬರ್ಗ್ ಕೆರೆ, ಅದರ ಸುತ್ತ ಮೇಪಲ್ ಕಾಡು, ಇನ್ನೊಂದು ಕಡೆ ಸುಪೀರಿಯರ್. ನಿಜಕ್ಕೂ ನೋಡಬೇಕಾದ ಜಾಗ. ಆದರೆ ಅದು ಮೂರೂವರೆ ಕಿಲೋಮೀಟರಿಗೂ ಮೇಲ್ಪಟ್ಟ ಕಾಲ್ದಾರಿ. ಬೇರು, ಕಲ್ಲು, ಏರು ಎಲ್ಲ ಇದೆ. ಮೇಡಂಗೆ ಬೇಡ. ಅವರಿಗೆ ಲುಟ್ಸನ್‌ನಲ್ಲಿ ಗೊಂಡೋಲಾ ಇದೆ. ತಂತಿ ಮೇಲಿನ ಡಬ್ಬಿಯಲ್ಲಿ ಕೂತರೆ ಮೂಸ್ ಮೌಂಟನ್ ತುದಿಗೆ ಕರೆದೊಯ್ಯುತ್ತದೆ. ಕಾಡಿನ ನೆತ್ತಿಯ ಮೇಲೇ ಹಾದು ಹೋಗುವುದರಿಂದ ಎಲೆಗಳನ್ನು ಮೇಲಿನಿಂದ ನೋಡುವ ಭಾಗ್ಯ. ಓಡುವ ದಿನ, ಸಮಯ ಮೊದಲೇ ನೋಡಿಕೊಳ್ಳಿ. ಗಾಳಿ ಜೋರಿದ್ದರೆ ನಿಲ್ಲಿಸುತ್ತಾರೆ. ಗಡಿಯ ಹತ್ತಿರ ಗ್ರಾಂಡ್ ಪೋರ್ಟೇಜ್‌ನಲ್ಲಿ ಪಿಜನ್ ನದಿಯ ಹೈ ಫಾಲ್ಸ್ ಇದೆ, ಸುಮಾರು 36 ಮೀಟರ್ ಎತ್ತರ. ಅಲ್ಲಿಗೆ ಸಮತಟ್ಟಾದ ಹಾದಿ, ಹೋಗಲು ಸುಮಾರು 800 ಮೀಟರ್. ನಿಧಾನ ನಡೆದರೆ ಆಗುತ್ತದೆ.

ಉಳಿಯಲು ಡುಲೂತ್‌ನಲ್ಲಿ ಒಂದು ರಾತ್ರಿ, ಲುಟ್ಸನ್ ಅಥವಾ ಗ್ರಾಂಡ್ ಮರೇಯಲ್ಲಿ ಎರಡು ರಾತ್ರಿ ಅಂದುಕೊಳ್ಳಿ. ದಿನಾ ಒಂದೊಂದು ಊರಲ್ಲಿ ಪೆಟ್ಟಿಗೆ ಬಿಚ್ಚಿ ಕಟ್ಟುವುದು ಮಂಡಿನೋವಿನವರಿಗೆ ದೊಡ್ಡ ಶಿಕ್ಷೆ. ಕೆಳಮಹಡಿಯ ಕೋಣೆ ಕೇಳಿ, ಅಲ್ಲಿನ ಹಳೇ ಲಾಡ್ಜ್‌ಗಳಲ್ಲಿ ಎಷ್ಟೋ ಕಡೆ ಲಿಫ್ಟ್ ಇರುವುದಿಲ್ಲ. ಗ್ರಾಂಡ್ ಮರೇ ಊರಿನ ಜನಸಂಖ್ಯೆ ಒಂದೂವರೆ ಸಾವಿರವೂ ಇಲ್ಲ. ಎಲೆ ಕಾಲದಲ್ಲಿ ಅಲ್ಲಿಗೆ ಬರುವವರು ಬಹಳ. ಶುಕ್ರವಾರ, ಶನಿವಾರದ ಕೋಣೆಗಳು ತಿಂಗಳುಗಟ್ಟಲೆ ಮೊದಲೇ ಭರ್ತಿ, ಬೆಲೆಯೂ ಜಾಸ್ತಿ. ಕೆಲವು ಕಡೆ ಎರಡು ರಾತ್ರಿಗಿಂತ ಕಮ್ಮಿ ಕೊಡುವುದೂ ಇಲ್ಲ. ಮಗನಿಗೆ ಶನಿವಾರ, ಭಾನುವಾರಕ್ಕೆ ರಜೆ ಅಂಟಿಸುವ ಬದಲು ಸೋಮವಾರದಿಂದ ಗುರುವಾರ ರಜೆ ಹಾಕಲು ಹೇಳಿ. ಖರ್ಚೂ ಉಳಿಯುತ್ತದೆ, ಓಬರ್ಗ್‌ನಂಥ ಕಡೆ ಕಾರು ನಿಲ್ಲಿಸಲು ಜಾಗವೂ ಸಿಗುತ್ತದೆ. ವಾಪಸ್ ದುಡ್ಡು ಸಿಗುವ ಷರತ್ತಿನ ಕೋಣೆಯನ್ನೇ ಈಗಲೇ ಹಿಡಿದಿಡಿ. ಸ್ಟೇಟ್ ಪಾರ್ಕ್‌ಗಳಿಗೆ ವಾಹನದ ಪರ್ಮಿಟ್ ಬೇಕು, ದಿನದ್ದೂ ಇದೆ, ವರ್ಷದ್ದೂ ಇದೆ. ಒಂದೇ ದಿನದ ಪರ್ಮಿಟ್ ಆ ದಿನ ಎಲ್ಲ ಪಾರ್ಕ್‌ಗಳಿಗೂ ನಡೆಯುತ್ತದೆ. ದೀಪಸ್ತಂಭಕ್ಕೆ ಟಿಕೆಟ್ ಬೇರೆ.

ಕಾರು ಓಡಿಸುವ ವಿಷಯ. ಕಾನೂನಿನಲ್ಲಿ ಅಡ್ಡಿ ಇಲ್ಲ. ಪ್ರವಾಸಿಗರಾಗಿ ಹೋದವರು ಊರಿನ ಚಾಲ್ತಿ ಲೈಸೆನ್ಸ್ ಇಟ್ಟುಕೊಂಡು ಮಿನ್ನೆಸೋಟದಲ್ಲಿ ಓಡಿಸಬಹುದು. ನಮ್ಮ ಕಾರ್ಡ್‌ನಲ್ಲಿ ಇಂಗ್ಲಿಷ್ ಇರುವುದು ಅನುಕೂಲ. ಆದರೂ ದಾವಣಗೆರೆ ಆರ್‌ಟಿಒದಲ್ಲಿ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡೇ ಹೋಗಿ. ಒಂದು ವರ್ಷ ನಡೆಯುತ್ತದೆ. ಅಲ್ಲಿಗೆ ಹೋದ ಮೇಲೆ ಮಾಡಿಸಲು ಬರುವುದಿಲ್ಲ, ಬಾಡಿಗೆ ಕಾರಿನವರು ಕೆಲವರು ಕೇಳುತ್ತಾರೆ.

ನನಗೆ ಚಿಂತೆ ಲೈಸೆನ್ಸ್‌ದಲ್ಲ, ಇನ್ಶೂರೆನ್ಸ್‌ದು. ಮಗನ ಕಾರನ್ನು ನೀವು ಓಡಿಸಿದಾಗ ಅಪಘಾತವಾದರೆ ಅವನ ಪಾಲಿಸಿ ನಿಮ್ಮನ್ನು ಒಳಗೊಳ್ಳುತ್ತದಾ? ಒಂದೊಂದು ಕಂಪನಿಯದು ಒಂದೊಂದು ನಿಯಮ. ಕೆಲವರು ಮನೆಯಲ್ಲಿ ತಂಗಿರುವವರ ಹೆಸರು ಸೇರಿಸಲೇಬೇಕು ಅಂತಾರೆ. ಮಗ ಫೋನ್ ಮಾಡಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಲಿ. ಬಾಡಿಗೆ ಕಾರಾದರೆ ನಿಮ್ಮ ಹೆಸರು ಚಾಲಕರ ಪಟ್ಟಿಯಲ್ಲಿ ಇರಲೇಬೇಕು. ಕಾರಿಗೆ ಆಗುವ ಹಾನಿಯದ್ದು ಒಂದು ವಿಮೆ, ಇತರರಿಗೆ ಆಗುವ ಹಾನಿಯದ್ದು ಇನ್ನೊಂದು. ಎರಡೂ ಇದೆಯಾ ನೋಡಿ.

ಓಡಿಸುವ ಅಭ್ಯಾಸದ ಮಾತು ಹೇಳಬೇಕು. ಬಲಗಡೆ ಓಡಿಸುವುದು ನೇರ ರಸ್ತೆಯಲ್ಲಿ ಒಂದು ಗಂಟೆಯಲ್ಲಿ ರೂಢಿಯಾಗುತ್ತದೆ. ತಪ್ಪಾಗುವುದು ಪೆಟ್ರೋಲ್ ಬಂಕ್‌ನಿಂದ ಖಾಲಿ ರಸ್ತೆಗೆ ಬರುವಾಗ. ಮುಂದೆ ಯಾವ ಕಾರೂ ಇರದಿದ್ದರೆ ಕೈ ತಾನಾಗಿ ಎಡಕ್ಕೆ ತಿರುಗಿಸಿಬಿಡುತ್ತದೆ. ಪಕ್ಕದಲ್ಲಿ ಕೂತವರು ಪ್ರತಿ ಸಲ ‘ಬಲಕ್ಕೆ’ ಅಂತ ಬಾಯಿಬಿಟ್ಟು ಹೇಳಲಿ. ಸ್ಟಾಪ್ ಬೋರ್ಡ್ ಇದ್ದಲ್ಲಿ ಯಾರೂ ಇರದಿದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ಶಾಲಾ ಬಸ್ ಕೆಂಪು ದೀಪ ಮಿನುಗಿಸಿ ನಿಂತಿದ್ದರೆ, ಇಂಥ ಎರಡು ಪಥದ ರಸ್ತೆಯಲ್ಲಿ ಎದುರಿನಿಂದ ಬರುವವರೂ ನಿಲ್ಲಬೇಕು. ಫೋನ್ ಕೈಯಲ್ಲಿ ಹಿಡಿಯುವಂತಿಲ್ಲ. ಪೊಲೀಸರು ನಿಲ್ಲಿಸಿದರೆ ಬಲಬದಿಗೆ ನಿಲ್ಲಿಸಿ ಕಾರಿನೊಳಗೇ ಕೂತಿರಿ, ಕೈ ಸ್ಟೇರಿಂಗ್ ಮೇಲೆ ಕಾಣುವಂತಿರಲಿ. ಇಲ್ಲಿನ ಹಾಗೆ ಇಳಿದು ಹೋಗಿ ಮಾತಾಡಬೇಡಿ.

ಟೂ ಹಾರ್ಬರ್ಸ್ ಆಚೆ 61ನೇ ಹೆದ್ದಾರಿ ಬಹುತೇಕ ಎರಡೇ ಪಥ. ವೇಗದ ಮಿತಿ ಬೋರ್ಡ್‌ನಲ್ಲಿ ಮೈಲಿ ಲೆಕ್ಕದಲ್ಲಿರುತ್ತದೆ. ಗಂಟೆಗೆ 55 ಮೈಲಿ ಅಂದರೆ 90 ಕಿಲೋಮೀಟರ್‌ಗೆ ಸ್ವಲ್ಪ ಕಮ್ಮಿ. ಕತ್ತಲಾಗುವ ಹೊತ್ತಿಗೆ ಜಿಂಕೆಗಳು ರಸ್ತೆಗೆ ನುಗ್ಗುತ್ತವೆ, ಒಮ್ಮೊಮ್ಮೆ ಎತ್ತಿಗಿಂತ ಎತ್ತರದ, ಮೂಸ್ ಅನ್ನುವ ಭಾರಿ ಜಿಂಕೆ ಕೂಡ. ಜಿಂಕೆ ಅಡ್ಡ ಬಂದರೆ ಬ್ರೇಕ್ ಒತ್ತಿ, ಸ್ಟೇರಿಂಗ್ ಎಳೆಯಬೇಡಿ. ಅಕ್ಟೋಬರ್ ಮೊದಲ ವಾರ ಸಂಜೆ ಆರೂಮುಕ್ಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಅಷ್ಟರೊಳಗೆ ಕೋಣೆ ಸೇರಿಬಿಡಿ. ನನ್ನ ಸಲಹೆ: ಮಗನೇ ಓಡಿಸಲಿ, ನೀವು ಹಗಲಿನಲ್ಲಿ, ಸಲೀಸು ರಸ್ತೆಯಲ್ಲಿ, ಅವನಿಗೆ ಬಿಡುವು ಕೊಡಲು ಮಾತ್ರ ಕೂತುಕೊಳ್ಳಿ. ಓಡಿಸುವವರಿಗೆ ಎಲೆ ಕಾಣುವುದಿಲ್ಲ, ರಸ್ತೆಯೇ ಕಾಣಬೇಕು. ನೀವು ಹೋಗುತ್ತಿರುವುದು ಎಲೆ ನೋಡಲು.

ಊಟ ಸ್ವಲ್ಪ ಕಷ್ಟ, ಆದರೆ ಆಗದ್ದಲ್ಲ. ಆ ದಂಡೆಯ ಊರುಗಳಲ್ಲಿ ಮೀನೇ ಹೆಸರುವಾಸಿ. ಪಿಜ್ಜಾ, ಚೀಸ್ ಸ್ಯಾಂಡ್‌ವಿಚ್ ಸಿಗುತ್ತದೆ. ವೈಲ್ಡ್ ರೈಸ್ ಸೂಪ್ ಅಂತ ಕಂಡರೆ ಅನ್ನದ್ದೇ ಅಂದುಕೊಂಡು ತರಿಸಬೇಡಿ, ಅದರಲ್ಲಿ ಸಾಮಾನ್ಯವಾಗಿ ಕೋಳಿ ಇರುತ್ತದೆ. ಪೈ ತಿನ್ನುವ ಮುಂಚೆ ಮೇಲಿನ ಹಿಟ್ಟಿಗೆ ಪ್ರಾಣಿ ಕೊಬ್ಬು ಹಾಕಿದ್ದಾರಾ ಕೇಳಿ. ಅಡುಗೆಮನೆ ಇರುವ ಕೋಣೆ ಹಿಡಿದರೆ ಅರ್ಧ ಚಿಂತೆ ಕಳೆಯಿತು. ಅಕ್ಕಿ, ಬೇಳೆ ಮಿನಿಯಾಪೊಲಿಸ್‌ನ ಇಂಡಿಯನ್ ಅಂಗಡಿಯಲ್ಲೇ ತಗೊಳ್ಳಿ. ಊರಿಂದ ಅಕ್ಕಿ, ಬಿತ್ತನೆ ಬೀಜ, ಹಸಿ ಹಣ್ಣು ಒಯ್ಯಬೇಡಿ. ಚಟ್ನಿಪುಡಿ ಇಟ್ಟುಕೊಂಡರೂ ವಿಮಾನ ಇಳಿದ ಮೇಲೆ ತಿನ್ನುವ ಪದಾರ್ಥ ಇದೆ ಅಂತ ಹೇಳಿಬಿಡಿ. ಮುಚ್ಚಿಟ್ಟರೆ ದಂಡ.

ಚಳಿಗೆ ಒಂದೇ ದಪ್ಪ ಕೋಟು ಸಾಲದು, ಮೇಲೆ ಮೇಲೆ ಹಾಕಿ ತೆಗೆಯುವಂಥ ಮೂರು ಪದರ ಬೇಕು. ಹಗಲು 12ರಿಂದ 17 ಡಿಗ್ರಿ, ರಾತ್ರಿ 3ರಿಂದ 8 ಡಿಗ್ರಿ ಆಸುಪಾಸು. ನೀರಿನ ಪಕ್ಕದ ಗಾಳಿಗೆ ಇನ್ನೂ ಚಳಿ ಅನ್ನಿಸುತ್ತದೆ. ಮೇಡಂಗೆ ಸೀರೆ ಒಳಗೆ ಥರ್ಮಲ್, ಜಾರದ ಶೂ, ಮಡಚುವ ಊರುಗೋಲು. ಮಂಡಿನೋವಿನ ಮಾತ್ರೆಗಳು ಡಾಕ್ಟರ್ ಚೀಟಿ ಸಮೇತ ಕೈಚೀಲದಲ್ಲೇ ಇರಲಿ. ಪ್ರವಾಸ ವಿಮೆ ಕೊಳ್ಳುವಾಗ ಮೊದಲೇ ಇದ್ದ ಕಾಯಿಲೆಗೆ ಏನು ಕೊಡುತ್ತಾರೆ ಅನ್ನುವ ಸಾಲನ್ನು ಓದಿಯೇ ಸಹಿ ಹಾಕಿ.

ಭಾಮೈದರ ಸಲಹೆಗೆ ನನ್ನ ಉತ್ತರ ಬೇಡ ಅಂತಲೇ. ಪೂರ್ತಿ ಸುತ್ತು ಸುಮಾರು 2,100 ಕಿಲೋಮೀಟರ್. ಅದರಲ್ಲಿ ದೊಡ್ಡ ಭಾಗ ಕೆನಡಾದ ಒಂಟಾರಿಯೊದಲ್ಲಿ ಹಾದುಹೋಗುತ್ತದೆ. ಅಮೆರಿಕದ ವೀಸಾ ಇದ್ದರೂ ನಮ್ಮ ಪಾಸ್‌ಪೋರ್ಟ್‌ಗೆ ಕೆನಡಾ ವೀಸಾ ಬೇರೆ ಬೇಕು. ವಾಪಸ್ ಬರುವಾಗ ಮಗ, ಸೊಸೆಯ ಕಾಗದಪತ್ರವೂ ಸರಿ ಇರಬೇಕು. ಅವರು ಕೆಲಸದ ವೀಸಾದಲ್ಲಿದ್ದರೆ ವಕೀಲರನ್ನು ಕೇಳದೆ ಗಡಿ ದಾಟಬಾರದು. ಇದೆಲ್ಲ ಆದರೂ ಒಂದು ವಾರ ದಿನಾ ಕಾರಿನಲ್ಲೇ ಕೂರಬೇಕು. ಮಂಡಿ ಮಡಚಿ ಅಷ್ಟು ಹೊತ್ತು ಕೂತರೆ ಮೇಡಂಗೆ ಎಲೆಯಲ್ಲ, ನೋವೇ ನೆನಪಿರುತ್ತದೆ.

ಕೊನೆಯ ತೀರ್ಮಾನ ಹೊರಡುವ ಹಿಂದಿನ ವಾರ ಮಾಡಿ. ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಎಲೆ ಕಾಲದಲ್ಲಿ ವಾರವಾರ ಒಂದು ನಕ್ಷೆ ಹಾಕುತ್ತದೆ. ಯಾವ ಪಾರ್ಕ್‌ನಲ್ಲಿ ಶೇಕಡಾ ಎಷ್ಟು ಬಣ್ಣ ಬಂದಿದೆ ಅಂತ ಅದರಲ್ಲಿರುತ್ತದೆ. ಗೂಸ್‌ಬೆರಿ, ಟೆಟಗೂಷ್, ಕ್ಯಾಸ್ಕೇಡ್ ರಿವರ್ ಪಾರ್ಕ್‌ಗಳ ಮುಂದೆ 50ರಿಂದ 75 ಅಂತ ಕಂಡರೆ ಹೊರಟುಬಿಡಿ. ನೂರಾಗಲಿ ಅಂತ ಕಾಯಬೇಡಿ, ಅಷ್ಟರಲ್ಲಿ ಗಾಳಿ ಬರಬಹುದು. ದಂಡೆಯಲ್ಲಿ ಇನ್ನೂ 25ರ ಆಸುಪಾಸು ಇದ್ದರೆ ಲುಟ್ಸನ್ ಗೊಂಡೋಲಾಗೆ ಮೊದಲ ದಿನವೇ ಹೋಗಿ, ದಂಡೆಯನ್ನು ಮರಳಿ ಬರುವಾಗ ನೋಡಿ. ಗುಡ್ಡದಲ್ಲಿ ಮುಗಿದಿದೆ ಅಂತ ಬಂದರೆ ಮೇಲೆ ಹೋಗುವುದೇ ಬೇಡ, ಮೂರು ದಿನವೂ ನೀರಿನ ಪಕ್ಕದ ಬರ್ಚ್‌ಗಳ ಜೊತೆ ಕಳೆಯಿರಿ. ಕೋಣೆ ಬದಲಿಸದೆಯೇ ಇಷ್ಟು ಬದಲಾವಣೆ ಮಾಡಿಕೊಳ್ಳಲು ಆಗುವಂತೆ ಲುಟ್ಸನ್ ಅಥವಾ ಗ್ರಾಂಡ್ ಮರೇಯಲ್ಲಿ ಉಳಿಯಿರಿ ಅಂದಿದ್ದು.